ಗೋಣಿಚೀಲದಲ್ಲಿ ಬಂದ ಎತ್ತು

ಸತ್ತ ಎತ್ತಿನ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಯಾರಾದರೂ ಇದ್ದರೆ ನನ್ನ ಪಕ್ಕದಲ್ಲಿ ಬಂದು ಕೂರಬಹುದು. ನಾನು ಪಟ್ಟಿದ್ದೇನೆ. ಒಂದು ಮಳೆಗಾಲ, ಅದರ ಹಿಂದೆ ಬಂದ ಚಳಿಗಾಲ ಪೂರ್ತಿ ಪಟ್ಟಿದ್ದೇನೆ. ಎತ್ತಿನ ಮೇಲೆ, ಅದನ್ನು ತಂದವಳ ಮೇಲೆ, ಅದರ ಸುತ್ತ ಮುತ್ತಿಕೊಂಡ ಮಕ್ಕಳ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನವಳು ಎಂದು ನಾನು ಅಂದುಕೊಂಡಿದ್ದ ಒಬ್ಬ ಹುಡುಗಿ ಅದರ ಪಕ್ಕ ಹೋಗಿ ನಿಂತಳಲ್ಲ, ಅದರ ಮೇಲೆ.

ನಾನು ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಶಾಲೆಯ ಊರು ಕಾಗಿಣಾ ಹೊಳೆಯ ದಂಡೆಯ ಮೇಲಿದೆ, ನನ್ನ ಮನೆ ಚಿತ್ತಾಪುರದಲ್ಲಿ. ದಿನಾ ಬಸ್ಸು. ನಾನು ಓದಿದ್ದು ಭೌತಶಾಸ್ತ್ರ ಮತ್ತು ಗಣಿತ. ಆದರೆ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರದ ಹುದ್ದೆ ಹದಿನೆಂಟು ವರ್ಷ ಖಾಲಿ ಬಿದ್ದಿತ್ತು. ಹಿತ್ತಲಿನ ಖಾಲಿ ಜಾಗ ಪಕ್ಕದ ಮನೆಯವರದ್ದಾಗುವ ಹಾಗೆ ಆ ವಿಷಯವೂ ಮೆಲ್ಲಗೆ ನನ್ನದೇ ಆಗಿಬಿಟ್ಟಿತು. ಬರುಬರುತ್ತಾ ನನಗೆ ಭೌತಶಾಸ್ತ್ರಕ್ಕಿಂತ ಅದೇ ಹೆಚ್ಚು ಹಿಡಿಸಿತು, ಅದರಲ್ಲೂ ಅಸ್ಥಿಪಂಜರದ ಪಾಠ.

ಆ ಪಾಠಕ್ಕೆ ನನಗೊಂದು ಹೆಸರಿತ್ತು. ಸುಳ್ಳು ವಿನಯ ಯಾಕೆ, ಇತ್ತು. ಮನುಷ್ಯನ ಅಸ್ಥಿಪಂಜರದ ಒಂದು ದೊಡ್ಡ ಚಾರ್ಟು, ಜೊತೆಗೆ ನನ್ನ ಸ್ವಂತ ಮೈ, ಇಷ್ಟೇ ನನ್ನ ಸಾಮಗ್ರಿ. ಆಧಾರ ಎಂದಾಗ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದೆ, ನಂತರ ಎಲುಬಿಲ್ಲದವಳ ಹಾಗೆ ಕುರ್ಚಿಯಲ್ಲಿ ಕುಸಿಯುತ್ತಿದ್ದೆ. ರಕ್ಷಣೆ ಎಂದಾಗ ತಲೆಬುರುಡೆಯನ್ನು ಬೆರಳಿನಿಂದ ಟಕಟಕ ಬಡಿದುಕೊಳ್ಳುತ್ತಿದ್ದೆ. ಚಲನೆ ಎಂದಾಗ ಸೆರಗು ಸಿಕ್ಕಿಸಿ ಮೊಣಕೈ ಮಡಿಸಿ ಬಿಚ್ಚಿ ತೋರಿಸುತ್ತಿದ್ದೆ. ಮಕ್ಕಳು ನಗುತ್ತಲೇ ಕಲಿಯುತ್ತಿದ್ದರು. ಒಂದು ಸಲ ತಪಾಸಣೆಗೆ ಬಂದ ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿ, ‘ಎಲುಬಿನ ಪಾಠ ಅಂದ್ರ ನಿಮ್ಮದೇ ನೋಡ್ರಿ’ ಎಂದಿದ್ದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಇಷ್ಟು ವರ್ಷದಲ್ಲಿ ನಾನು ನಿಜವಾದ ಒಂದು ಎಲುಬನ್ನೂ ಮುಟ್ಟಿರಲಿಲ್ಲ. ನಮ್ಮದು ವೈಷ್ಣವರ ಮನೆ, ಗುಡಿಯ ಪೂಜೆಯ ಪಾಳಿ ಇರುವ ಮನೆತನ. ದಾರಿಯಲ್ಲಿ ನಾಯಿ ತಂದುಹಾಕಿದ ಎಲುಬು ಚಪ್ಪಲಿಗೆ ತಾಗಿದರೂ ಅಂಗಳದಲ್ಲೇ ಕಾಲು ತೊಳೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅತ್ತೆ ಈಗಲೂ ಅದನ್ನು ಬಿಟ್ಟಿಲ್ಲ. ನಾನು ಬಿಟ್ಟಿದ್ದೇನೆ ಎಂದು ಬೇರೆಯವರ ಮುಂದೆ ಹೇಳುತ್ತೇನೆ, ಆದರೆ ಬಿಟ್ಟಿಲ್ಲ.

ಆ ಹುಡುಗಿ ಎಂಟನೇ ತರಗತಿಗೆ ಸೇರಿದ ವರ್ಷವೇ ನನ್ನ ಚಾರ್ಟಿಗೆ ಅಂಟಿಕೊಂಡಳು. ಅಪ್ಪ ಎರಡು ಎತ್ತು ಇಟ್ಟುಕೊಂಡು ತನ್ನ ಹೊಲವನ್ನೂ ಬೇರೆಯವರ ಹೊಲವನ್ನೂ ಹೊಡೆಯುವವನು. ಇವಳು ಬೆಳಿಗ್ಗೆ ಅವಕ್ಕೆ ಮೇವು ಹಾಕಿಯೇ ಶಾಲೆಗೆ ಬರುತ್ತಿದ್ದಳು. ಸ್ಟಾಫ್ ರೂಮಿನಿಂದ ಚಾರ್ಟನ್ನು ಸುರುಳಿ ಸುತ್ತಿ ತರುವುದು, ಮೊಳೆಗೆ ನೇತುಹಾಕುವುದು, ಪಾಠ ಮುಗಿದ ಮೇಲೆ ಮೂಲೆ ಮಡಚದ ಹಾಗೆ ವಾಪಸ್ ಇಡುವುದು ಅವಳದೇ ಕೆಲಸ. ಒಂದು ದಿನ ಚಾರ್ಟು ಸುತ್ತುತ್ತಾ, ‘ನಾನು ದೊಡ್ಡಾಕಿ ಆದಮ್ಯಾಲ ನಿಮ್ಮಂಗ ಅಕ್ಕಾರ ಆಗ್ತೀನ್ರಿ’ ಎಂದಳು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಅಂದು ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಅವಳು ಒಂಬತ್ತನೇ ತರಗತಿಗೆ ಬಂದಾಗ ನಮ್ಮ ಖಾಲಿ ಹುದ್ದೆ ತುಂಬಿತು.

ಬಂದವಳು ಗುಂಡಗುರ್ತಿ ಕಡೆಯ ಒಕ್ಕಲು ಮನೆಯವಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮೊದಲ ದಿನವೇ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ವೇಳಾಪಟ್ಟಿ ಬದಲಾಯಿತು. ಜೀವಶಾಸ್ತ್ರದ ಪಿರಿಯಡ್ಡುಗಳೆಲ್ಲ ಅವಳಿಗೆ ಹೋದವು, ನನಗೆ ನನ್ನ ಬೆಳಕು, ಶಬ್ದ, ವಿದ್ಯುತ್ತು ಉಳಿದವು. ನ್ಯಾಯವಾದದ್ದೇ. ನ್ಯಾಯವಾದದ್ದು ಹೊಟ್ಟೆಗೆ ಇಳಿಯಬೇಕೆಂದೇನಿಲ್ಲವಲ್ಲ. ಅಲ್ಲಿಯವರೆಗೆ ಮಕ್ಕಳಿಗೆ ನಾನು ಬರೀ ಅಕ್ಕಾರು. ಅವಳು ಬಂದ ವಾರದಲ್ಲೇ ಅವಳು ಹೊಸ ಅಕ್ಕಾರು ಆದಳು, ನಾನು ದೊಡ್ಡ ಅಕ್ಕಾರು ಆದೆ. ದೊಡ್ಡ ಎಂದರೆ ಹಳೆಯ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಚಾರ್ಟನ್ನು ಅವಳು ಕೇಳಿದಾಗ ಕೊಟ್ಟೆ. ಎರಡು ದಿನಕ್ಕೆ ಮರಳಿಸಿದಳು. ‘ಅಕ್ಕಾರ, ಚಾರ್ಟು ಭಾಳ ಚೆಂದದ್ರಿ. ಖರೆ ಎಲುಬು ಹುಡುಗ್ರ ಕೈಯಾಗ ಕೊಟ್ರ ಹ್ಯಾಂಗ ಅಂತ ವಿಚಾರ ಮಾಡ್ಲಿಕತ್ತೀನಿ’ ಎಂದಳು. ನಾನು ನಕ್ಕೆ. ಮನುಷ್ಯನ ಎಲುಬು ಎಲ್ಲಿಂದ ತರುತ್ತೀಯವ್ವ ಎಂದೆ. ಮನುಷ್ಯರದು ಯಾಕೆ, ನಮ್ಮ ಎತ್ತಿನದು ಇದೆ ಎಂದಳು.

ಅವರ ಮನೆಯಲ್ಲಿ ಹನ್ನೆರಡು ವರ್ಷ ದುಡಿದ ಎತ್ತು ಮೂರು ವರ್ಷದ ಹಿಂದೆ ಸತ್ತಿತ್ತಂತೆ. ದುಡಿದ ಎತ್ತನ್ನು ಆ ಮನೆಯವರು ಯಾರಿಗೂ ಕೊಡುವುದಿಲ್ಲ. ಹೊಲದ ಬದುವಿನಲ್ಲೇ ಕುಣಿ ತೆಗೆದು, ಉಪ್ಪು ಸುರಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಹೂಳುತ್ತಾರೆ. ನರಿ ಕೆದರಬಾರದೆಂದು ಮೇಲೆ ಶಹಾಬಾದ್ ಕಲ್ಲು ಹಾಸುತ್ತಾರೆ. ಅಂಥ ಕುಣಿಯನ್ನು ತೆಗೆಯಬೇಕೆಂದು ಮಗಳು ಕೇಳಿದಾಗ ಅಪ್ಪ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲವಂತೆ. ಮೂರನೆಯ ದಿನ ತಾನೇ ಸಲಿಕೆ ತೆಗೆದುಕೊಂಡು ಹೋಗಿ, ‘ದುಡದ ಎತ್ತದವ್ವ. ಸಾಲಿ ಮಕ್ಕಳಿಗಿ ಇನ್ನೊಂದಿಷ್ಟು ದುಡೀಲಿ, ಒಯ್ಯಿ’ ಎಂದನಂತೆ. ಇದನ್ನು ಅವಳು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರ ಕಣ್ಣೂ ಒದ್ದೆಯಾದವು. ನನ್ನವೂ ಆದವು, ಮತ್ತು ಒದ್ದೆಯಾದದ್ದಕ್ಕೆ ಸಿಟ್ಟೂ ಬಂತು. ಹೀಗೆ ಹೇಳಿಕೊಳ್ಳುವ ಕತೆ ನನ್ನ ಚಾರ್ಟಿಗೆ ಇರಲಿಲ್ಲ. ಅದನ್ನು ನಾನು ಅಂಗಡಿಯಲ್ಲಿ ಕೊಂಡಿದ್ದೆ.

ಎತ್ತು ಟಂಟಂ ಆಟೋದಲ್ಲಿ ಬಂತು, ಮೂರು ಗೋಣಿಚೀಲದಲ್ಲಿ. ಮಕ್ಕಳು ಸೋಪಿನ ನೀರಿನಲ್ಲಿ ಒಂದೊಂದೇ ಎಲುಬು ತೊಳೆದು ಶಾಲೆಯ ಕಟ್ಟೆಯ ಮೇಲೆ ಒಣಹಾಕಿದರು. ನಾನು ವರಾಂಡದ ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ‘ಬರ್ರಿ ಅಕ್ಕಾರ, ನೋಡ್ರಿ, ಇದು ಎಷ್ಟು ಹಗರ ಅದ’ ಎಂದು ನನ್ನ ಚಾರ್ಟು ಹೊರುತ್ತಿದ್ದ ಆ ಹುಡುಗಿ ಒಂದು ಪಕ್ಕೆಲುಬನ್ನು ನನ್ನ ಕಡೆ ಚಾಚಿದಳು. ನಮಗದು ನಡೆಯೋದಿಲ್ಲವ್ವ ಎಂದೆ. ಅವಳು ಕೂಡಲೇ ಕೈ ಹಿಂದೆ ತೆಗೆದುಕೊಂಡಳು, ತನ್ನದೇ ತಪ್ಪು ಎಂಬಂತೆ. ನಡೆಯದಿದ್ದದ್ದು ಮಡಿಯ ಕಾರಣಕ್ಕಷ್ಟೇ ಅಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ವಾಡಿಯಲ್ಲಿ ಬೆಸುಗೆ ಹಾಕಿಸಿ ತಂದ ಕಬ್ಬಿಣದ ಚೌಕಟ್ಟಿನ ಮೇಲೆ, ಎರಡು ತಿಂಗಳಲ್ಲಿ, ಎತ್ತು ಎದ್ದು ನಿಂತಿತು. ಗಣಿತದಲ್ಲಿ ಹತ್ತು ಅಂಕ ದಾಟದ ಮಕ್ಕಳು ಬೆನ್ನುಮೂಳೆಯ ಮಣಿಗಳನ್ನು ಜೋಳದ ತೆನೆ ಸಾಲಾಗಿ ಇಟ್ಟಷ್ಟು ಸಲೀಸಾಗಿ ಹೊಂದಿಸಿದರು. ಬಲಗಡೆಯದು ಯಾವುದು, ಎಡಗಡೆಯದು ಯಾವುದು ಎಂದು ಕೈಯಲ್ಲಿ ತಿರುವಿಯೇ ಹೇಳಿದರು. ಹೊಸ ಅಕ್ಕಾರು ಪಾಠ ಮಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಹತ್ತನೇ ತರಗತಿಗೆ ಓಮ್‌ನ ನಿಯಮ ಹೇಳುತ್ತಿದ್ದೆ. ಕಿವಿ ಮಾತ್ರ ಗೋಡೆಯಾಚೆ ಇತ್ತು.

ಎತ್ತಿನ ಎದೆಗೂಡಿನೊಳಗೆ ಊದಿದ ಬಲೂನು ಇಟ್ಟು, ಹೊರಗಿನಿಂದ ಕೋಲಿನಿಂದ ಹೊಡೆಸಿದಳು. ಪಕ್ಕೆಲುಬು ಟಣ್ ಎಂದವು, ಬಲೂನು ಒಡೆಯಲಿಲ್ಲ. ರಕ್ಷಣೆ ಎಂದರೆ ಇದು ಎಂದು ಮಕ್ಕಳೇ ಕೂಗಿದರು. ಹಿಂಗಾಲಿಗೆ ಹಗ್ಗ ಕಟ್ಟಿ, ಎಲುಬು ತಾನಾಗಿ ಅಲುಗುವುದಿಲ್ಲ, ಮಾಂಸಖಂಡ ಎಳೆದಾಗ ಮಾತ್ರ ಮಡಚಿಕೊಳ್ಳುತ್ತದೆ ಎಂದು ಎಳೆದು ತೋರಿಸಿದಳು. ನಾವು ಎತ್ತಿನ ಮುಂಗಾಲಿನ ಮೊಣಕಾಲು ಎನ್ನುವುದು ನಿಜವಾಗಿ ಅದರ ಮಣಿಕಟ್ಟು, ಎತ್ತು ಬದುಕೆಲ್ಲ ಎರಡೆರಡು ಬೆರಳ ತುದಿಯ ಮೇಲೆ ನಡೆಯುತ್ತದೆ, ಅಷ್ಟು ಮೈ ಹೊತ್ತು, ಅದರ ಮೇಲೆ ನೊಗ ಹೊತ್ತು ಎಂದಳು. ಗೋಡೆಯಾಚೆ ನಾನೂ ಅದನ್ನು ಮೊದಲ ಸಲ ಕೇಳಿದೆ. ಹದಿನೆಂಟು ವರ್ಷ ಕುರ್ಚಿಯಲ್ಲಿ ಕುಸಿದು ತೋರಿಸಿದವಳು ನಾನು, ಈ ಸಂಗತಿ ನನಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ರೋಧದ ಬದಲು ವಿಭವ ಎಂದು ಬರೆದೆ, ಮಕ್ಕಳು ತಿದ್ದಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದೆ. ಸ್ಟಾಫ್ ರೂಮಿನಲ್ಲಿ ವಾಸನೆ ಬರುತ್ತದೆ ಎಂದೆ. ಬರುತ್ತಿರಲಿಲ್ಲ. ಪಾಲಕರು ತಕರಾರು ಮಾಡಿಯಾರು ಎಂದೆ. ಪಾಲಕರು ಸಂಜೆ ಹೊತ್ತು ಬಂದು ನೋಡಿ, ಕೈಮುಗಿದು ಹೋಗುತ್ತಿದ್ದರು.

ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಒಂದಿತ್ತು. ಆ ವರ್ಷ ಸುತ್ತಲಿನ ನಾಲ್ಕೈದು ತಾಲೂಕುಗಳ ಮಕ್ಕಳ ವಿಜ್ಞಾನ ಪ್ರದರ್ಶನ ಸೇಡಂನಲ್ಲಿ ಎಂದಾಯಿತು. ಅಲ್ಲಿ ಮೊದಲ ಬಹುಮಾನ ಪಡೆದವರಿಗೆ ಮಾತ್ರ ಮುಂದೆ ಕಲಬುರ್ಗಿಗೆ ಹೋಗುವ ಅವಕಾಶ. ನಮ್ಮ ಶಾಲೆಯಿಂದ ಎತ್ತು ಹೋಗುವುದು, ಅದರ ಪಕ್ಕ ನಿಂತು ವಿವರಿಸುವುದು ಆ ಹುಡುಗಿ ಎಂದು ನಿಶ್ಚಯವಾಯಿತು. ಅವಳು ಕುಣಿದಾಡುತ್ತಾ ನನಗೇ ಮೊದಲು ಹೇಳಲು ಬಂದಳು. ಕಲಬುರ್ಗಿಯಲ್ಲಿ ದನದ ಡಾಕ್ಟರ್ ಓದುವವರು ನೋಡಲು ಬರುತ್ತಾರಂತೆ, ಅವರನ್ನು ಕೇಳಬೇಕಂತೆ, ಹೇಗೆ ಓದಬೇಕು ಎಂದು.

‘ಯಾಕ, ಅಕ್ಕಾರ ಆಗ್ತೀನಿ ಅಂದಿದ್ದೆಲ್ಲ’ ಎಂದೆ, ನಗುತ್ತಲೇ.

‘ಇಲ್ರಿ ಅಕ್ಕಾರ. ಈಗ ದನದ ಡಾಕ್ಟರ್ ಆಗ್ತೀನ್ರಿ’ ಎಂದಳು. ಅವಳಿಗೆ ಅದರಲ್ಲಿ ನನಗೆ ನೋಯುವಂಥದ್ದೇನೂ ಕಾಣಲಿಲ್ಲ.

ಪ್ರದರ್ಶನಕ್ಕೆ ಎಂಟು ದಿನ ಇದ್ದಾಗ, ಎಲ್ಲರೂ ಹೋದ ಮೇಲೆ ನಾನೊಬ್ಬಳೇ ವಿಜ್ಞಾನದ ಕೋಣೆಯ ಬಾಗಿಲಲ್ಲಿ ನಿಂತು ಆ ಎತ್ತನ್ನು ನೋಡಿದೆ. ತಪ್ಪು ಹುಡುಕಲೆಂದೇ ನಿಂತಿದ್ದೆ. ಗೋಡೆಯ ಮೇಲೆ ನನ್ನ ಚಾರ್ಟು ಇನ್ನೂ ಇತ್ತು. ಚಾರ್ಟು ನೋಡುವುದು, ಎತ್ತು ನೋಡುವುದು, ಮತ್ತೆ ಚಾರ್ಟು. ಹೆಗಲಿಗೆ ಬಂದಾಗ ಕಣ್ಣು ನಿಂತಿತು. ಗಂಟಲ ಬುಡದಿಂದ ಹೆಗಲ ತುದಿಗೆ ಅಡ್ಡಡ್ಡ ಹೋಗುವ ಎಲುಬು, ನಾವು ಪುಸ್ತಕದಲ್ಲಿ ಕೊರಳೆಲುಬು ಎನ್ನುತ್ತೇವೆ, ಅದು ಇರಲೇ ಇಲ್ಲ. ಎರಡೂ ಕಡೆ ಇರಲಿಲ್ಲ. ಅಗಲ ಹೆಗಲೆಲುಬನ್ನು ಎದೆಗೂಡಿಗೆ ಬರೀ ಚರ್ಮದ ಪಟ್ಟಿಯಿಂದ ಕಟ್ಟಿ ತೂಗುಬಿಟ್ಟಿದ್ದರು. ಎಲುಬು ಕಳೆದುಕೊಂಡು ಚರ್ಮದಿಂದ ತೇಪೆ ಹಾಕಿದ್ದಾರೆ! ಅಂದು ಮನೆಗೆ ಹೋಗುವಾಗ ನನ್ನ ಮನಸ್ಸಿಗೆ ಸಿಕ್ಕ ಹಗುರ ಇಂದಿಗೂ ನೆನಪಿದೆ.

ಮರುದಿನ ಹೇಳಬಹುದಿತ್ತು. ಹೊಸ ಅಕ್ಕಾರು ನನ್ನ ಎದುರೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಕೊರಳೆಲುಬು ಎಲ್ಲಿ ಎಂದು ಎರಡು ಮಾತು, ಅಷ್ಟೇ. ಹೇಳಲಿಲ್ಲ. ಅವಳು ಕೊಟ್ಟ ಶೇಂಗಾ ಹಿಂಡಿಯ ಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದೆ, ಚೆನ್ನಾಗಿದೆ ಎಂದೆ, ಎಂಟು ದಿನ ಸುಮ್ಮನಿದ್ದೆ. ಸೇಡಂಗೆ ನಾನೂ ಬರುತ್ತೇನೆ ಎಂದಾಗ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಟಂಟಂನ ಮುಂದಿನ ಸೀಟು ನನಗೇ ಬಿಟ್ಟು ತಾನು ಹಿಂದೆ ಎತ್ತನ್ನು ಹಿಡಿದುಕೊಂಡು ಕೂತಳು.

ಸೇಡಂನಲ್ಲಿ ನಮ್ಮ ಎತ್ತಿನ ಮುಂದೆ ಜನವೋ ಜನ. ಚಿಂಚೋಳಿಯ ಮಕ್ಕಳು ತಮ್ಮ ಮಾದರಿ ಬಿಟ್ಟು ಇದನ್ನು ನೋಡಲು ಬಂದರು. ಮಧ್ಯಾಹ್ನ ತೀರ್ಪುಗಾರರು ಬರುವ ಹೊತ್ತಿಗೆ ಹೊಸ ಅಕ್ಕಾರು ಮಕ್ಕಳಿಗೆ ಊಟ ತರಲು ಹೋಗಿದ್ದಳು. ಬಂದವರು ನಿವೃತ್ತ ಉಪನ್ಯಾಸಕರು, ಶಹಾಬಾದ್ ಕಡೆಯವರು, ನನ್ನ ಹಾಗೆ ಭೌತಶಾಸ್ತ್ರದವರು. ಯಾವುದೋ ತರಬೇತಿಯಲ್ಲಿ ಪರಿಚಯವಾಗಿದ್ದವರು. ಹುಡುಗಿ ಒಂದು ಮಾತೂ ತಡವರಿಸದೆ ಹೇಳಿದಳು. ಬಲೂನು, ಹಗ್ಗ, ಬೆರಳ ತುದಿ, ಎಲ್ಲ. ಅವರು ತಲೆದೂಗುತ್ತಾ ಬರೆದುಕೊಳ್ಳುತ್ತಿದ್ದರು. ಹಾಳೆಯ ಮೇಲೆ ಬಾಗಿದ ಅವರ ಮುಖ ಅರಳಿದ್ದು ನನಗೆ ಕಂಡಿತು.

ನಾನು ಅವರ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದೆ: ‘ಎಲ್ಲಾ ಬರೋಬರ್ ಅದ್ರಿ ಸರ್. ಖರೆ, ಕೊರಳೆಲುಬು ಒಂದು ಕಾಣವಲ್ದು. ಕೇಳಿ ನೋಡ್ರಿ.’

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಹುಡುಗಿಗೆ ಕೇಳಿಸಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ‘ಏನವಾ, ಕೊರಳೆಲುಬು ಎಲ್ಲಿ?’ ಎಂದರು.

ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆದು ಮತ್ತೆ ಮುಚ್ಚಿದಳು. ಉತ್ತರ ಗೊತ್ತಿಲ್ಲ ಎಂದು ನಾನು ಅಂದುಕೊಂಡೆ. ಆಮೇಲೆ ಅವಳು ತಲೆ ತಗ್ಗಿಸಿ ಹೇಳಿದಳು: ‘ಹೌದ್ರಿ ಸರ್. ನಮ್ಮ ಕೈಯಾಗೇ ಎಲ್ಲೋ ಕಳದಿರಬೇಕ್ರಿ.’

ಅವರು ಏನೋ ಬರೆದು ಮುಂದೆ ಹೋದರು. ಸಂಜೆ ನಮ್ಮ ಶಾಲೆಗೆ ಮೂರನೆಯ ಸ್ಥಾನ ಎಂದು ಕೂಗಿದರು. ಮಾದರಿ ಅಪೂರ್ಣ ಎಂದು ಷರಾ ಇತ್ತಂತೆ. ಕಲಬುರ್ಗಿಗೆ ಬೇರೆಯವರು ಹೋದರು.

ವಾಪಸ್ ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಂತೆವು. ಅಪೂರ್ಣ ಯಾಕೆ ಎಂದು ಹೊಸ ಅಕ್ಕಾರಿಗೆ ತಿಳಿಯುತ್ತಿರಲಿಲ್ಲ. ನಾನೇ ಹೇಳಿದೆ, ಕೊರಳೆಲುಬು ಎಲ್ಲಿ ಎಂದು ತೀರ್ಪುಗಾರರು ಕೇಳಿದರು ಎಂದು. ಯಾರು ಕೇಳಿಸಿದರು ಎಂದು ಹೇಳಲಿಲ್ಲ.

ಅವಳು ಚಹಾದ ಕಪ್ಪು ಹಿಡಿದೇ ನಕ್ಕಳು. ‘ಎತ್ತಿಗಿ ಆ ಎಲುಬೇ ಇರಂಗಿಲ್ರಿ ಅಕ್ಕಾರ. ಮುಂಗಾಲು ಎದಿಗೂಡಿಗಿ ಎಲುಬಿನಿಂದ ಕೂಡಿಲ್ಲ, ಬರೇ ಮಾಂಸದ ಮ್ಯಾಲ ತೂಗತಾವ. ಅದಕ್ಕೇ ನಾವು ಚರ್ಮದ ಪಟ್ಟಿ ಕಟ್ಟಿದ್ದು. ಹಂಗಿದ್ದಕ್ಕೇ ಎರಿ ಮಣ್ಣಿನ ಹೊಲದಾಗ ಹೆಜ್ಜಿ ಕಿತ್ತಿ ಇಟ್ರೂ ಎದಿಗಿ ಹೊಡತ ಬೀಳಂಗಿಲ್ಲ.’ ಆಮೇಲೆ ಹುಡುಗಿಯ ಕಡೆ ತಿರುಗಿದಳು. ‘ನಿನಗ ಗೊತ್ತಿತ್ತಲ್ಲ? ದೊಡ್ಡ ಅಕ್ಕಾರ ಚಾರ್ಟಿನಾಗ ಅದ, ಇದರಾಗ ಯಾಕಿಲ್ಲ ಅಂತ ಮದಲು ಕೇಳಿದಾಕಿ ನೀನೇ.’

‘ಮರ್ತೆರಿ ಅಕ್ಕಾರ’ ಎಂದಳು ಹುಡುಗಿ.

‘ಇಷ್ಟು ಸಣ್ಣ ಮಾತು ಮರೀತಾರೇನು? ಆರು ತಿಂಗಳ ಕೆಲಸ ನೀರಿನಾಗ ಹೋಯ್ತು.’ ಅವಳು ಹುಡುಗಿಯನ್ನು ಬೈದದ್ದು ನಾನು ಕಂಡದ್ದು ಅದೊಂದೇ ಸಲ. ಹುಡುಗಿ ಬೈಗುಳ ಕೇಳುತ್ತಾ ನಿಂತಳು. ನಾನು ಚಹಾ ಕುಡಿದು ಮುಗಿಸಿದೆ. ಬಾಯಿ ಬಿಡಲು ಬೇಕಾದಷ್ಟು ಹೊತ್ತು ಇತ್ತು. ಟಂಟಂ ಮತ್ತೆ ಹೊರಟಿತು, ನಾನು ಮುಂದಿನ ಸೀಟಿನಲ್ಲೇ ಕೂತೆ, ಕಾಗಿಣಾ ಬಂತು, ಮಕ್ಕಳು ಇಳಿದರು. ನಾನು ಬಸ್ಸು ಹಿಡಿದು ಮನೆಗೆ ಹೋದೆ.

ಸೋಮವಾರ ಹುಡುಗಿ ವಿಜ್ಞಾನದ ಕೋಣೆಯಲ್ಲಿ ಎತ್ತಿನ ಮೇಲಿನ ಧೂಳು ಒರೆಸುತ್ತಿದ್ದಳು. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅಂದು ಮೊದಲ ಸಲ ಆ ಹೆಗಲೆಲುಬಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು, ಒತ್ತಿದರೆ ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಯುತ್ತಿತ್ತು. ಉತ್ತರ ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

‘ಅಷ್ಟು ಮಂದಿಯಾಗ ನಿಮ್ಮ ಮಾತು ಸುಳ್ಳು ಅಂತ ಹ್ಯಾಂಗ ಹೇಳ್ಲಿರಿ’ ಎಂದಳು. ನನಗೆ ಆಗಲೂ ಏನನ್ನಿಸಿತು ಗೊತ್ತೆ? ಹೊಸ ಅಕ್ಕಾರು ತಪ್ಪು ಹೇಳಿದ್ದರೆ ಇವಳು ಅಲ್ಲೇ ತಿದ್ದುತ್ತಿದ್ದಳು, ಅವರಿಬ್ಬರ ನಡುವೆ ಅಷ್ಟು ಸಲಿಗೆ ಇದೆ ಎಂದೇ ಅನ್ನಿಸಿತು. ಹುಡುಗಿಯ ಕಲಬುರ್ಗಿ ಕಳೆದು ಹಾಕಿದವಳಿಗೆ ಆ ಕ್ಷಣದಲ್ಲೂ ಅದೇ ಉರಿ.

ತಪ್ಪಾಯಿತು ಎಂದೆ. ನಿನಗೆ ಅನ್ಯಾಯ ಮಾಡಿದೆ ಎಂದೆ. ಮುಂದಿನದನ್ನೂ ಹೇಳಬೇಕೆಂದೇ ಬಂದಿದ್ದೆ. ಎಂಟು ದಿನದ ವಿಷಯ. ಅಷ್ಟರಲ್ಲಿ ಅವಳು ಬಟ್ಟೆ ಕೆಳಗಿಟ್ಟು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

‘ಬಿಡ್ರಿ ಅಕ್ಕಾರ. ನೀವೇನು ಬೇಕಂತ ಹೇಳಿಲ್ಲಲ್ರಿ. ನಮ್ಮ ಮ್ಯಾಲ ನಿಮಗ ಭಾಳ ಕಕ್ಕುಲಾತಿ ಅದ ಅಂತ ನನಗ ಗೊತ್ತದ.’

ನಾನು ‘ಹೂಂ’ ಎಂದೆ.